ಬರಲಾಗದವರನ್ನು ಬಾ ಎನ್ನುವ ಯೋಜನೆಗಳು: ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಂದಾಯ ಸಚಿವರಿಗೆ, ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಖಾತೆಯ ಮಾನ್ಯ ಸಚಿವರಿಗೆ,

ನಮಸ್ಕಾರಗಳು.

ಈ ಪತ್ರವನ್ನು ತಮ್ಮಿಬ್ಬರ ಹೆಸರಿಗೂ ಒಟ್ಟಿಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ವೃದ್ಧರ ಮತ್ತು ವಿಕಲಚೇತನರ ಮಾಸಾಶನ ಬರುವುದು ಕಂದಾಯ ಇಲಾಖೆಯಿಂದ, ಅದರ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ. ಗಾಲಿಕುರ್ಚಿ, ಶ್ರವಣ ಸಾಧನ, ವೃದ್ಧಾಶ್ರಮಗಳ ಅನುದಾನ ಇತ್ಯಾದಿಗಳು ಸಬಲೀಕರಣ ಇಲಾಖೆಯ ಕೈಯಲ್ಲಿವೆ. ಎರಡಕ್ಕೂ ಬೇಕಾದ ವೈಕಲ್ಯ ಪ್ರಮಾಣಪತ್ರ ಸಿಗುವುದು ಆರೋಗ್ಯ ಇಲಾಖೆಯ ಆಸ್ಪತ್ರೆಯಲ್ಲಿ. ಹಾಸಿಗೆ ಹಿಡಿದು ಮಲಗಿದವರಿಗೆ ಈ ಮೂರೂ ಒಂದೇ ಸರ್ಕಾರ. ಕಡತಕ್ಕೆ ಮಾತ್ರ ಅವು ಮೂರು ಊರುಗಳು. ಒಬ್ಬರಿಗೆ ಬರೆದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುವುದು ಅನುಭವದಿಂದ ಗೊತ್ತಿರುವುದರಿಂದ ಇಬ್ಬರಿಗೂ ಬರೆದಿದ್ದೇನೆ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಿವೃತ್ತಿಯಾದ ಮೇಲೆ ಸುತ್ತಲಿನ ಹಳ್ಳಿಗಳ ವಯಸ್ಸಾದವರಿಗೆ, ವಿಕಲಚೇತನರಿಗೆ ಅರ್ಜಿ ಬರೆದುಕೊಡುವುದು, ಜೊತೆಗೆ ಕಚೇರಿಗೆ ಹೋಗಿಬರುವುದು ನನ್ನ ಪಾಲಿಗೆ ತಾನಾಗಿ ಬಂದ ಕೆಲಸ. ಇದರಿಂದ ನನಗೆ ಮನವರಿಕೆಯಾಗಿರುವುದು ಇಷ್ಟು: ನಮ್ಮಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. ಆದರೆ ಅರ್ಜಿ ಹಾಕುವುದರಿಂದ ಹಿಡಿದು ಬದುಕಿದ್ದೇನೆ ಎಂದು ತೋರಿಸಿಕೊಳ್ಳುವವರೆಗೆ ಪ್ರತಿಯೊಂದು ಹಂತವೂ, ಫಲಾನುಭವಿ ಎದ್ದು ಕಚೇರಿಗೆ ಬರಬಲ್ಲರು ಎಂಬ ಎಣಿಕೆಯ ಮೇಲೆಯೇ ನಡೆಯುತ್ತಿದೆ. ಎದ್ದು ಬರಲಾಗದವರಿಗಾಗಿಯೇ ರೂಪಿಸಿದ ಯೋಜನೆಗಳಲ್ಲಿ ಈ ಎಣಿಕೆ ಹೇಗೆ ಉಳಿದುಕೊಂಡಿತೋ ತಿಳಿಯದು.

ಮೊದಲು ಆಗಿರುವ ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿದಾಗ ಒಬ್ಬ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡುತ್ತಿತ್ತು. ಇಂದಿಗೂ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ. ಶೇ 80ಕ್ಕೂ ಹೆಚ್ಚು ವೈಕಲ್ಯವಿರುವ ಬಡವರಿಗೆ ಅದು 300 ರೂಪಾಯಿ. ಆ 200 ರೂಪಾಯಿ 2007ರ ಹೊತ್ತಿಗೇ ನಿಗದಿಯಾಗಿತ್ತು. ಅಲ್ಲಿಂದ ಇಲ್ಲಿಗೆ ಅಕ್ಕಿ, ಬೇಳೆ, ಬಸ್ ಚಾರ್ಜು, ಮಾತ್ರೆ ಎಲ್ಲವೂ ಏರಿವೆ, ಅದೊಂದು ಮಾತ್ರ ಹಾಗೆಯೇ ಇದೆ. ಈ ವಿಷಯದಲ್ಲಿ ರಾಜ್ಯ ಕೈಕಟ್ಟಿ ಕೂರಲಿಲ್ಲ. 2007ರಲ್ಲಿ 65 ದಾಟಿದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ 400 ರೂಪಾಯಿಯೊಂದಿಗೆ ಆರಂಭವಾಗಿ, 2018ರಲ್ಲಿ 1,000 ರೂಪಾಯಿಗೆ, 2021ರಲ್ಲಿ 1,200 ರೂಪಾಯಿಗೆ ಏರಿತು. ಪಕ್ಷ ಯಾವುದೇ ಇರಲಿ, ಈ ಏರಿಕೆಗಳಲ್ಲಿ ಪ್ರತಿಯೊಂದೂ ಯಾವುದೋ ಅಜ್ಜಿಯ ಮಾತ್ರೆಯ ಚೀಟಿಯನ್ನು ಪೂರ್ತಿ ಮಾಡಿದೆ. ಅದನ್ನು ಕಣ್ಣಾರೆ ಕಂಡಿದ್ದೇನೆ. 2021ರಿಂದೀಚೆಗೆ ಆ ಮೊತ್ತವೂ ನಿಂತಲ್ಲೇ ನಿಂತಿದೆ ಎಂಬುದನ್ನೂ ಹೇಳಬೇಕಾಗಿದೆ.

ಈಗ ವಿಕಲಚೇತನರ ಮಾಸಾಶನಕ್ಕೆ ಬರುತ್ತೇನೆ. ಕೆಲವು ವರ್ಗಗಳಿಗಿರುವ ಪ್ರತ್ಯೇಕ ದರವನ್ನು ಬಿಟ್ಟರೆ, ಶೇ 40ರಿಂದ 75ರವರೆಗೆ ವೈಕಲ್ಯವಿರುವವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ ಸಿಗುತ್ತದೆ. ಸಂಧ್ಯಾ ಸುರಕ್ಷಾದ 1,200ರ ಪಕ್ಕದಲ್ಲಿ ಈ 800ನ್ನು ಇಟ್ಟು ನೋಡಬೇಕೆಂದು ಕೋರುತ್ತೇನೆ. ಸಂಸತ್ತು ಅಂಗೀಕರಿಸಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ತನ್ನ 24ನೇ ಸೆಕ್ಷನ್‌ನಲ್ಲಿ ಸಾಮಾಜಿಕ ಭದ್ರತೆಯ ಬಗ್ಗೆ ಹೇಳುತ್ತದೆ. ಇತರರಿಗಿರುವ ಅಂಥದ್ದೇ ಯೋಜನೆಗಳಲ್ಲಿ ಕೊಡುವ ನೆರವಿಗಿಂತ ವಿಕಲಚೇತನರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂಬುದು ಅಲ್ಲಿನ ಷರತ್ತು. 1,200ಕ್ಕೆ ಶೇ 25 ಸೇರಿಸಿದರೆ 1,500 ಆಗುತ್ತದೆ. ಅಂದರೆ ನಮ್ಮ 800 ಮಾತ್ರವಲ್ಲ, ತೀವ್ರ ವೈಕಲ್ಯದವರ 1,400 ಕೂಡ ಕಾನೂನು ಹೇಳುವ ಕನಿಷ್ಠಕ್ಕಿಂತ ಕೆಳಗಿದೆ.

ಇದಕ್ಕೆ ಕಚೇರಿಯಿಂದ ಬರಬಹುದಾದ ಉತ್ತರಗಳನ್ನು ಊಹಿಸಬಲ್ಲೆ. ಎರಡೂ ಬೇರೆ ಬೇರೆ ಯೋಜನೆಗಳು, ಹೋಲಿಕೆ ಸಲ್ಲದು ಎನ್ನಬಹುದು. ಆದರೆ ಎರಡನ್ನೂ ನಡೆಸುವುದು ಒಂದೇ ನಿರ್ದೇಶನಾಲಯ, ಅರ್ಜಿ ಹಾಕುವುದು ಅದೇ ನಾಡಕಚೇರಿಯಲ್ಲಿ, ಮಂಜೂರು ಮಾಡುವುದು ಅದೇ ಅಧಿಕಾರಿ. ಇದಕ್ಕಿಂತ ಹತ್ತಿರದ ಹೋಲಿಕೆ ಇನ್ನೆಲ್ಲಿ ಸಿಕ್ಕೀತು? ಇನ್ನೊಂದು ಉತ್ತರ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತು ಆ ಸೆಕ್ಷನ್‌ನಲ್ಲೇ ಇದೆಯಲ್ಲ ಎಂಬುದು. ಇದೆ, ನಿಜ. ಅದು ಯೋಜನೆಗಳನ್ನು ರೂಪಿಸುವ ಹೊಣೆಗೆ ಅಂಟಿಕೊಂಡಿರುವ ಮಿತಿ. ಯೋಜನೆಯನ್ನು ರೂಪಿಸಿ, ವೃದ್ಧರಿಗೆ ಇಷ್ಟು ಎಂದು ಒಮ್ಮೆ ನಿಗದಿ ಮಾಡಿದ ಮೇಲೆ ಶೇ 25ರ ಷರತ್ತು ಅದರ ಹಿಂದೆಯೇ ಬರುತ್ತದೆ. ಈಗಿನ ದರಗಳಿಂದ ಎಂಥ ಅಸಂಗತ ಪರಿಸ್ಥಿತಿ ಉಂಟಾಗಿದೆ ಎಂಬುದಕ್ಕೆ ನಮ್ಮ ಭಾಗದ ಮಧ್ಯವರ್ತಿಗಳು ಕೊಡುವ ಸಲಹೆಯೇ ಸಾಕ್ಷಿ. ಪೋಲಿಯೊದಿಂದ ಕಾಲು ಸೋತ 60ರ ಆಸುಪಾಸಿನ ವ್ಯಕ್ತಿ ಬಂದರೆ ಅವರು, ‘ಅಂಗವಿಕಲ ಪಿಂಚಣಿ ಬಿಡಿ ಯಜಮಾನ್ರೇ, ಆಧಾರ್‌ನಲ್ಲಿ ವಯಸ್ಸು ಸರಿಮಾಡಿಸಿಕೊಂಡು ಸಂಧ್ಯಾ ಸುರಕ್ಷಾಕ್ಕೆ ಹಾಕಿ, ನಾನೂರು ಜಾಸ್ತಿ’ ಎನ್ನುತ್ತಾರೆ. ಸಲಹೆ ತಪ್ಪು. ಆದರೆ ಅವರ ಲೆಕ್ಕ ತಪ್ಪಲ್ಲ.

ಹಾಸಿಗೆ ಹಿಡಿದವರಿರುವ ಮನೆಯ ತಿಂಗಳ ಖರ್ಚಿನ ಒಂದೇ ಒಂದು ಬಾಬ್ತನ್ನು ತಮ್ಮ ಮುಂದಿಡುತ್ತೇನೆ. ದೊಡ್ಡವರ ಡೈಪರ್ ಒಂದಕ್ಕೆ ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಮೂವತ್ತರಿಂದ ನಲವತ್ತು ರೂಪಾಯಿ. ದಿನಕ್ಕೆ ಎರಡೇ ಎಂದು ಬಿಗಿಯಾಗಿ ಲೆಕ್ಕ ಹಾಕಿದರೂ ತಿಂಗಳಿಗೆ 1,800ರಿಂದ 2,400 ರೂಪಾಯಿ ಆಗುತ್ತದೆ. ಶೇ 75ಕ್ಕೂ ಹೆಚ್ಚು ವೈಕಲ್ಯಕ್ಕೆ ಸಿಗುವ 1,400 ರೂಪಾಯಿ ಅಷ್ಟಕ್ಕೇ ಸಾಲುವುದಿಲ್ಲ. ಬೆನ್ನಿನ ಹುಣ್ಣಿಗೆ ಹಚ್ಚುವ ಮುಲಾಮು, ಗಾಳಿ ತುಂಬುವ ಹಾಸಿಗೆ, ತಿಂಗಳಿಗೊಮ್ಮೆ ಮೂತ್ರದ ಪೈಪು ಬದಲಿಸಲು ಬರುವ ನರ್ಸಿನ ಕೂಲಿ, ಇವೆಲ್ಲ ಅದರ ಮೇಲೆ. ಹಾಗಾಗಿ ಮನೆಯವರು ಮಾಡುವುದೇನೆಂದರೆ ಹಳೆಯ ಪಂಚೆ, ಸೀರೆಗಳನ್ನು ಹರಿದು ಹಾಸಿ, ಒಗೆದು, ಒಣಗಿಸುತ್ತಾರೆ. ಮಳೆಗಾಲದಲ್ಲಿ ಅವು ಒಣಗುವುದಿಲ್ಲ, ಹುಣ್ಣು ಹೆಚ್ಚುತ್ತದೆ, ಕೊನೆಗೆ ಜಿಲ್ಲಾಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಮಾಸಾಶನದಲ್ಲಿ ಉಳಿಸಿದ ಹಣವನ್ನು ಸರ್ಕಾರ ಆಸ್ಪತ್ರೆಯ ವಾರ್ಡಿನಲ್ಲಿ ಖರ್ಚು ಮಾಡುತ್ತದೆ.

ನೆರೆಯ ಆಂಧ್ರಪ್ರದೇಶದಲ್ಲಿ 2024ರ ಜುಲೈನಿಂದ ವೃದ್ಧಾಪ್ಯ ಪಿಂಚಣಿ 4,000 ರೂಪಾಯಿ, ವಿಕಲಚೇತನರಿಗೆ 6,000, ಪೂರ್ತಿಯಾಗಿ ಹಾಸಿಗೆ ಹಿಡಿದವರಿಗೆ 15,000. ಅದೇ ದರ ಇಲ್ಲಿಯೂ ಬೇಕೆಂದು ಕೇಳುವಷ್ಟು ಲೆಕ್ಕ ಬಾರದವನು ನಾನಲ್ಲ; ಆ ರಾಜ್ಯದ ಸಾಲದ ಬಗ್ಗೆಯೂ ಓದಿ ತಿಳಿದಿದ್ದೇನೆ. ನಾನು ಗಮನ ಸೆಳೆಯಬಯಸುವುದು ಮೊತ್ತದತ್ತ ಅಲ್ಲ, ಅದರ ವಿನ್ಯಾಸದತ್ತ. ಅಲ್ಲಿ ವೃದ್ಧರಿಗಿಂತ ವಿಕಲಚೇತನರಿಗೆ ಹೆಚ್ಚು, ವಿಕಲಚೇತನರಲ್ಲೂ ಹಾಸಿಗೆಯಿಂದ ಏಳಲಾರದವರಿಗೆ ಇನ್ನೂ ಹೆಚ್ಚು. ಅಗತ್ಯ ಏರಿದಂತೆ ಹಣವೂ ಏರುತ್ತದೆ. ಗ್ರಾಮ ಮತ್ತು ವಾರ್ಡ್ ಸಚಿವಾಲಯಗಳ ಸಿಬ್ಬಂದಿ ತಿಂಗಳ ಮೊದಲಲ್ಲೇ ಮನೆಗೆ ಹೋಗಿ ಹಣ ಕೊಟ್ಟುಬರುತ್ತಾರೆ. ಗಡಿಯಾಚೆ ನೆಂಟರಿರುವ ಕೋಲಾರ, ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆಯ ಹಳ್ಳಿಗಳಲ್ಲಿ ಈ ಹೋಲಿಕೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಜಸ್ಥಾನವು 2023ರಲ್ಲಿ ಕನಿಷ್ಠ ಆದಾಯ ಖಾತರಿಯ ಕಾನೂನು ಮಾಡಿ, ಪಿಂಚಣಿಯನ್ನು ವರ್ಷಕ್ಕೆ ಶೇ 15ರಷ್ಟು ಏರಿಸುವ ಏರ್ಪಾಡನ್ನು ಅದರಲ್ಲೇ ಬರೆಯಿತು. ನಮ್ಮಲ್ಲಿ ಏರಿಕೆ ಎಂಬುದು ಬಜೆಟ್ಟಿನ ದಿನದ ಔದಾರ್ಯ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲವು ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000 ರೂಪಾಯಿಗೆ ಏರಿಸಿಕೊಂಡಾಗ ಯಾರೂ ಆದಾಯ ಪ್ರಮಾಣಪತ್ರ ಕೇಳಲಿಲ್ಲ. ಇದಕ್ಕಿಂತ ಹೆಚ್ಚು ಈ ಬಗ್ಗೆ ಹೇಳಲಾರೆ.

ಆದಾಯ ಪ್ರಮಾಣಪತ್ರದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈ ಮಾಸಾಶನಗಳಿಗೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆಗ ಸರ್ಕಾರವೇ ಖಾತರಿ ಕೊಟ್ಟಿದ್ದ 100 ದಿನ ದುಡಿದರೆ 37,000 ಆಗುತ್ತಿತ್ತು. ಒಂದು ಯೋಜನೆಯ ಹಕ್ಕನ್ನು ಪೂರ್ತಿ ಬಳಸಿಕೊಂಡವರು ಇನ್ನೊಂದು ಯೋಜನೆಗೆ ಅನರ್ಹರಾಗುತ್ತಾರೆ ಎಂದಾಯಿತು. ಹೀಗಾಗಿ ಅರ್ಹತೆ ನಿಜವಾದ ಆದಾಯದ ಮೇಲಲ್ಲ, ಆದಾಯ ಎಷ್ಟೆಂದು ಬರೆದುಕೊಡುವವರ ದಯೆಯ ಮೇಲೆ ನಿಂತಿದೆ. ಎಲ್ಲರೂ ಸುಳ್ಳು ಬರೆಸಬೇಕಾದ ಮಿತಿ ಇದ್ದಾಗ ಪ್ರಾಮಾಣಿಕರಿಗೆ ಮಾತ್ರ ನಷ್ಟ.

ಆದರೂ ನಾನು ಅತಿ ಹೆಚ್ಚು ಹೊತ್ತು ಕಳೆದಿರುವುದು ಮೊತ್ತದ ತಕರಾರುಗಳಲ್ಲಿ ಅಲ್ಲ, ‘ನಿಂತುಹೋದ’ ಪಿಂಚಣಿಗಳ ತಕರಾರಿನಲ್ಲಿ. ಬರುತ್ತಿದ್ದ ಹಣ ಒಂದು ತಿಂಗಳು ಬರುವುದಿಲ್ಲ. ಯಾಕೆಂದು ಯಾರೂ ತಿಳಿಸುವುದಿಲ್ಲ. ಮುಂದಿನ ತಿಂಗಳು ಬಂದೀತೆಂದು ಕಾಯುತ್ತಾರೆ, ಅದೂ ಬರುವುದಿಲ್ಲ. ಆಮೇಲೆ ಯಾರನ್ನಾದರೂ ಹಿಡಿದು ನಾಡಕಚೇರಿಗೆ ಹೋದರೆ ಗಣಕಯಂತ್ರದ ಮುಂದಿನವರು ನಾಲ್ಕಾರು ಕಾರಣಗಳಲ್ಲಿ ಒಂದನ್ನು ಹೇಳುತ್ತಾರೆ: ಆಧಾರ್ ಜೋಡಣೆ ಆಗಿಲ್ಲ, ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬ ನೋಂದಣಿ) ಆಗಿಲ್ಲ, ಹೆಸರು ತಾಳೆಯಾಗುತ್ತಿಲ್ಲ, ಪರಿಶೀಲನೆಗೆ ಹೋದಾಗ ಮನೆಯಲ್ಲಿ ಸಿಕ್ಕಿಲ್ಲ, ವಯಸ್ಸಿನ ಬಗ್ಗೆ ಅನುಮಾನವಿದೆ. ಬ್ಯಾಂಕಿಗೆ ಹೋದರೆ ‘ನಮ್ಮಲ್ಲಿ ಎಲ್ಲ ಸರಿಯಿದೆ, ತಾಲ್ಲೂಕು ಕಚೇರಿಯಲ್ಲಿ ಕೇಳಿ’ ಎನ್ನುತ್ತಾರೆ. ತಾಲ್ಲೂಕು ಕಚೇರಿಯವರು ಖಜಾನೆಯತ್ತ ಕೈ ತೋರಿಸುತ್ತಾರೆ.

ಆ ಸಾಲಿನಲ್ಲಿ ಕಂಡ ಒಂದು ದೃಶ್ಯವನ್ನು ಹೇಳುತ್ತೇನೆ. ಬದುಕಿಡೀ ಬೀಡಿ ಕಟ್ಟಿ ಬೆರಳ ತುದಿ ನುಣುಪಾಗಿ ಹೋಗಿದ್ದ ಒಬ್ಬ ಅಜ್ಜಿಯ ಬೆರಳಚ್ಚು ಯಂತ್ರದಲ್ಲಿ ಮೂಡಲಿಲ್ಲ. ಯಂತ್ರದ ಮುಂದಿದ್ದ ಹುಡುಗ ಒರಟನಲ್ಲ, ‘ಅಜ್ಜಿ, ಗಟ್ಟಿಯಾಗಿ ಒತ್ತು’ ಎಂದ, ತಾನೇ ಎದ್ದು ಬಂದು ಅವರ ಬೆರಳನ್ನು ತನ್ನ ಕರವಸ್ತ್ರದಿಂದ ಒರೆಸಿದ, ಪಕ್ಕದವರ ಹತ್ತಿರ ತಲೆಗೆ ಹಚ್ಚುವ ಎಣ್ಣೆ ಕೇಳಿ ತೋರುಬೆರಳಿಗೆ ಸವರಿದ. ಹತ್ತು ಬೆರಳೂ ಆದವು. ಕೊನೆಗೆ ಪರದೆಯ ಮೇಲೆ ಬಂದ ಕೆಂಪು ಅಕ್ಷರಗಳನ್ನು ನೋಡಿ ಅಜ್ಜಿ ಕೇಳಿದ ಪ್ರಶ್ನೆ: ‘ಏನಂತೆ ಮಗಾ, ನಾನು ಇಲ್ಲವಂತಾ?’ ಸಾಲಿನಲ್ಲಿದ್ದವರು ನಕ್ಕರು, ಅಜ್ಜಿಯೂ ನಕ್ಕರು. ಈಗ ಮುಖ ಗುರುತಿಸುವ ವ್ಯವಸ್ಥೆ ಬಂದಿದೆ, ಅನುಕೂಲವೂ ಆಗಿದೆ. ಆದರೆ ಕಣ್ಣಿಗೆ ಪೊರೆ ಬಂದವರ, ರೆಪ್ಪೆ ಮಿಟುಕಿಸಲು ಹೇಳಿದ್ದು ಕೇಳಿಸದೆ ಕುಳಿತವರ ಮುಂದೆ ಅದೂ ಸೋಲುವುದನ್ನು ನೋಡಿದ್ದೇನೆ.

ಅನರ್ಹರನ್ನು ಪತ್ತೆಹಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ತೋಟವಿದ್ದವರು, ಮಕ್ಕಳು ಸರ್ಕಾರಿ ನೌಕರಿಯಲ್ಲಿದ್ದವರು, ವಯಸ್ಸು ಏರಿಸಿಕೊಂಡವರು ಪಿಂಚಣಿ ಪಡೆಯುತ್ತಿರುವುದು ಪ್ರತಿ ಊರಿಗೂ ಗೊತ್ತಿರುವ ಸಂಗತಿ. ಕುಟುಂಬ ದತ್ತಾಂಶ ಸರ್ಕಾರದ ಬಳಿ ಇರುವಾಗ ಅದನ್ನು ಬಳಸಿ ಶೋಧಿಸುವುದು ತಪ್ಪಲ್ಲ. ತಪ್ಪಿರುವುದು ಕ್ರಮದಲ್ಲಿ. ಅನುಮಾನ ಬಂದ ಕೂಡಲೇ ಹಣ ತಡೆಹಿಡಿದು, ಅರ್ಹತೆಯನ್ನು ಸಾಬೀತು ಮಾಡುವ ಹೊಣೆಯನ್ನು 75 ವರ್ಷದವರ ತಲೆಗೆ ಕಟ್ಟುವ ಬದಲು, ಹಣ ಬರುತ್ತಿರುವಾಗಲೇ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ನೋಡಿ ವರದಿ ಕೊಡಲಿ. ಆ ವರದಿಯ ಪ್ರತಿ ಫಲಾನುಭವಿಗೆ ಕನ್ನಡದಲ್ಲಿ, ಕಾಗದದ ಮೇಲೆ ಸಿಗಲಿ. ಅದರ ವಿರುದ್ಧ ತಹಶೀಲ್ದಾರರಿಗೆ ಮೇಲ್ಮನವಿ ಹಾಕಲು ಸಮಯವಿರಲಿ. ಅಷ್ಟೆಲ್ಲ ಆದ ಮೇಲೆ ಅನರ್ಹರೆಂದು ತೀರ್ಮಾನವಾದರೆ ನಿಲ್ಲಿಸಲಿ. ತಪ್ಪಾಗಿ ನಿಂತದ್ದು ಎಂದು ತೀರ್ಮಾನವಾದರೆ ನಿಂತ ತಿಂಗಳುಗಳ ಬಾಕಿಯೂ ತಾನಾಗಿ ಬರಲಿ. ಈಗ ಬಾಕಿಗಾಗಿ ಇನ್ನೊಂದು ಸುತ್ತಿನ ಅಲೆದಾಟ ಶುರುವಾಗುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹುದ್ದೆಯೂ ಬೇಡ. ಕಂದಾಯ ಇಲಾಖೆಯ ಒಂದು ಸುತ್ತೋಲೆ ಸಾಕು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಒಂದು ಕೋಟಿಗೂ ಹೆಚ್ಚು ಮಹಿಳೆಯರ ಖಾತೆಗೆ ಕಳುಹಿಸಬಲ್ಲ ಆಡಳಿತಕ್ಕೆ ಇದು ಅಸಾಧ್ಯವೆಂದು ನಾನು ನಂಬುವುದಿಲ್ಲ.

ಹಿಂದೆ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದುಕೊಡುತ್ತಿದ್ದ ಕಾಲವನ್ನು ನಮ್ಮ ಕಡೆಯವರು ಈಗಲೂ ನೆನೆಯುತ್ತಾರೆ. ಆ ಕಾಲದಲ್ಲೂ ಹತ್ತಿಪ್ಪತ್ತು ರೂಪಾಯಿ ‘ಕಾಫಿಗೆ’ ಎಂದು ಹೋಗುತ್ತಿತ್ತು. ಅದನ್ನು ಮರೆಸಿ ಹೊಗಳಬೇಕಾಗಿಲ್ಲ. ಆದರೆ ಸರ್ಕಾರದ ಪರವಾಗಿ ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಆ ಮನೆಯ ಬಾಗಿಲಿಗೆ ಬಂದು ಮುಖ ನೋಡುತ್ತಿದ್ದ. ಬದುಕಿದ್ದಾರೋ ಇಲ್ಲವೋ ಎಂಬ ಪರಿಶೀಲನೆ ಅದರಲ್ಲೇ ಮುಗಿಯುತ್ತಿತ್ತು. ನೇರ ನಗದು ವರ್ಗಾವಣೆ ಸೋರಿಕೆಯನ್ನು ತಡೆಯಿತು, ಆ ಭೇಟಿಯನ್ನೂ ತಪ್ಪಿಸಿತು. 2018ರಿಂದ ಅಂಚೆ ಪಾವತಿ ಬ್ಯಾಂಕ್ ಇದೆ. ಅಂಚೆಯವರು ಕೈಯಲ್ಲಿ ಯಂತ್ರ ಹಿಡಿದು ಮನೆಯಲ್ಲೇ ಹಣ ಕೊಡಬಲ್ಲರು, ಎಷ್ಟೋ ಕಡೆ ಕೊಡುತ್ತಿದ್ದಾರೆ. 75 ದಾಟಿದವರಿಗೂ ತೀವ್ರ ವೈಕಲ್ಯವಿರುವವರಿಗೂ ಇದನ್ನು ಕೇಳಿದರೆ ಸಿಗುವ ಉಪಕಾರವಾಗಿ ಅಲ್ಲ, ಸಹಜ ಕ್ರಮವಾಗಿ ಮಾಡಬೇಕು. ತಾವು ಬಯಸಿದರೆ ಮನೆಬಾಗಿಲಿಗೆ ತಲುಪಬಲ್ಲಿರಿ ಎಂಬುದಕ್ಕೆ ಉದಾಹರಣೆಗಳೂ ಇವೆ. 2022ರಲ್ಲಿ ಕಂದಾಯ ಇಲಾಖೆ 155245 ಸಂಖ್ಯೆಯ ಸಹಾಯವಾಣಿ ತೆರೆದು, ಕರೆ ಮಾಡಿದವರಿಗೆ 72 ಗಂಟೆಗಳಲ್ಲಿ ಪಿಂಚಣಿ ಮಂಜೂರು ಮಾಡುವುದಾಗಿ ಹೇಳಿತು. 2024–25ರ ಬಜೆಟ್ಟಿನಲ್ಲಿ ಬಂದ ಅನ್ನ ಸುವಿಧಾ, ಹಿರಿಯರೇ ಇರುವ ಮನೆಗೆ ಪಡಿತರವನ್ನು ತಲುಪಿಸುವ ಯೋಜನೆ. ಅಕ್ಕಿ ಮನೆಗೆ ಹೋಗಬಹುದಾದರೆ ಪಿಂಚಣಿಯ ಪರಿಶೀಲನೆಯೂ ಹೋಗಬಹುದು.

ಸಬಲೀಕರಣ ಸಚಿವರಲ್ಲಿ ಪ್ರಮಾಣಪತ್ರದ ಬಗ್ಗೆ ವಿನಂತಿಯಿದೆ. 2021ರ ಜೂನ್ 1ರಿಂದ ವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಜಾಲತಾಣದ ಮೂಲಕವೇ ಕೊಡಬೇಕೆಂದಾಯಿತು. ಎಲ್ಲೆಡೆ ನಡೆಯುವ ಒಂದೇ ಚೀಟಿ ಎಂಬ ದೃಷ್ಟಿಯಿಂದ ಅದು ಒಳ್ಳೆಯ ಸುಧಾರಣೆ. ಆದರೆ ತಜ್ಞ ವೈದ್ಯರಿರುವುದು ಜಿಲ್ಲಾ ಕೇಂದ್ರದಲ್ಲಿ. ವೈಕಲ್ಯಕ್ಕೊಂದು ದಿನ, ವೈದ್ಯರು ರಜೆಯಾದರೆ ಮುಂದಿನ ವಾರ. ಹುಟ್ಟಿನಿಂದಲೇ ಮಿದುಳಿನ ಪಾರ್ಶ್ವವಾಯು ಇರುವ, ಈಗ ಮೂವತ್ತು ದಾಟಿದ ಮಗನನ್ನು ಆಟೋದ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ತಾಯಿಯೊಬ್ಬರ ಜೊತೆ ನಾನಿದ್ದೆ. ತಾಯಿಗೇ ಎಪ್ಪತ್ತರ ಹತ್ತಿರ. ಮೆಟ್ಟಿಲ ಮೇಲಿದ್ದ ಕೊಠಡಿಗೆ ಆತನನ್ನು ಹೊತ್ತೊಯ್ಯುವ ಬಗೆ ಹೇಗೆಂದು ನಾವು ನೋಡುತ್ತಿದ್ದಾಗ, ಒಳಗಿನಿಂದ ಒಬ್ಬ ವೈದ್ಯೆ ತಾವೇ ಇಳಿದು ಬಂದು, ಆಟೋದಲ್ಲೇ ಪರೀಕ್ಷಿಸಿ, ಅಲ್ಲೇ ಕಾಗದ ಇಟ್ಟು ಬರೆದರು. ಐದು ನಿಮಿಷವೂ ಹಿಡಿಯಲಿಲ್ಲ. ಆ ವೈದ್ಯೆಯ ಒಳ್ಳೆಯತನವನ್ನು ನೆನೆಯುತ್ತಲೇ ಕೇಳುತ್ತೇನೆ: ಅವರು ಇಳಿದು ಬರಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ, ಬಾರದಿದ್ದರೆ ಯಾರೂ ಪ್ರಶ್ನಿಸುವಂತೆಯೂ ಇರಲಿಲ್ಲ. ಬದಲಾಗುವ ಸಾಧ್ಯತೆಯೇ ಇಲ್ಲದ ವೈಕಲ್ಯಕ್ಕೆ ಶಾಶ್ವತ ಪ್ರಮಾಣಪತ್ರ ಕೊಡಲು ನಿಯಮದಲ್ಲಿ ಅವಕಾಶವಿದ್ದರೂ ಕೆಲವರಿಗೆ ಇಂತಿಷ್ಟು ವರ್ಷದ ಅವಧಿ ಹಾಕಿ ಕಳುಹಿಸುತ್ತಾರೆ. ಅವಧಿ ಮುಗಿದ ತಿಂಗಳು ಪಿಂಚಣಿಯೂ ನಿಲ್ಲುತ್ತದೆ. ಹಾಸಿಗೆ ಹಿಡಿದವರ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ಮನೆಯಲ್ಲೇ ಮಾಡುವಂತೆ ಆರೋಗ್ಯ ಇಲಾಖೆಯೊಂದಿಗೆ ಸೇರಿ ತಾವು ಆದೇಶ ಹೊರಡಿಸಬೇಕು.

ಆ ತಾಯಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಅವರು ಮೂವತ್ತು ವರ್ಷಗಳಿಂದ ಕೂಲಿಗೆ ಹೋಗಿಲ್ಲ, ಹೋಗಲಾಗಿಲ್ಲ. ಮಗನಿಗೆ ಉಣಿಸುವುದು, ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದೇ ಅವರ ಉದ್ಯೋಗ. ಸರ್ಕಾರದ ಯಾವ ಲೆಕ್ಕದಲ್ಲೂ ಅದು ಕೆಲಸವಲ್ಲ. 2016ರ ಅಧಿನಿಯಮದ ಅದೇ 24ನೇ ಸೆಕ್ಷನ್, ಹೆಚ್ಚಿನ ಆಸರೆ ಬೇಕಾದ ವಿಕಲಚೇತನರಿಗೆ ಆರೈಕೆದಾರರ ಭತ್ಯೆ ಕೊಡುವ ಬಗ್ಗೆಯೂ ಹೇಳಿದೆ. ನಮ್ಮ ಸರ್ಕಾರ 2024–25ರ ಬಜೆಟ್ಟಿನಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಆರೈಕೆಯ ಭಾರವನ್ನು ಕಾಯಿಲೆಯ ಹೆಸರಿನಿಂದ ಅಳೆಯುವುದು ಸರಿಯಲ್ಲ. ಲಕ್ವ ಹೊಡೆದು ಬಲಭಾಗ ಸತ್ತ ಗಂಡನನ್ನು, ಬೆನ್ನುಹುರಿ ಮುರಿದ ಕಟ್ಟಡ ಕಾರ್ಮಿಕನನ್ನು, ಮರೆವಿನ ಕಾಯಿಲೆಯಿಂದ ರಾತ್ರಿಯೆಲ್ಲ ಎದ್ದು ಹೊರಡುವ ಅತ್ತೆಯನ್ನು ನೋಡಿಕೊಳ್ಳುವವರು ಈ ಪಟ್ಟಿಯ ಹೊರಗಿದ್ದಾರೆ. ಕೇರಳವು 2010ರಲ್ಲಿ ಆಶ್ವಾಸಕಿರಣಂ ಎಂಬ ಆರೈಕೆದಾರರ ನೆರವಿನ ಯೋಜನೆಯನ್ನು ಆರಂಭಿಸಿದಾಗ, ಪೂರ್ಣಾವಧಿ ಆರೈಕೆ ಬೇಕಾಗುವಷ್ಟು ಹಾಸಿಗೆ ಹಿಡಿದಿದ್ದಾರೆಯೇ ಎಂಬುದನ್ನು ಮುಖ್ಯ ಅಳತೆಯಾಗಿಟ್ಟುಕೊಂಡಿತು. ಅಲ್ಲಿ ಕೊಡುವ ಹಣ ಸಣ್ಣದು, ಅದೂ ತಡವಾಗುತ್ತದೆ ಎಂಬ ದೂರು ಇದ್ದೇ ಇದೆ. ಅಳತೆ ಮಾತ್ರ ಸರಿಯಾಗಿದೆ.

ಹಣದಷ್ಟೇ ಮುಖ್ಯವಾದದ್ದು ಇನ್ನೊಂದು ಜೊತೆ ಕೈ. 2008ರಲ್ಲಿ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ, ನೀತಿಯನ್ನು ಪ್ರಕಟಿಸಿದ ಕೇರಳದಲ್ಲಿ ಪಂಚಾಯಿತಿಗಳು ನರ್ಸುಗಳನ್ನಿಟ್ಟುಕೊಂಡು ಮನೆಗೆ ಕಳುಹಿಸುತ್ತವೆ. ಹುಣ್ಣು ತೊಳೆಯುವುದು, ಪೈಪು ಬದಲಿಸುವುದು, ಮನೆಯವರಿಗೆ ಮಗ್ಗುಲು ಬದಲಿಸುವ ಬಗೆ ಕಲಿಸುವುದು ಅವರ ಕೆಲಸ. ನಮ್ಮಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ವಿಕಲಚೇತನರಿಗಾಗಿ ಶೇ 5ರಷ್ಟು ಹಣವನ್ನು ಮೀಸಲಿಡಬೇಕೆಂಬ ನಿಯಮ ಅವಕ್ಕೆ ಇದೆ. ಆ ಹಣ ಏನಾಗುತ್ತದೆ ಎಂಬುದನ್ನು ಗ್ರಾಮಸಭೆಗಳಲ್ಲಿ ನೋಡಿದ್ದೇನೆ: ವರ್ಷಾಂತ್ಯಕ್ಕೆ ಅವಸರದಲ್ಲಿ ಕಂಬಳಿಯೋ ಕುಕ್ಕರೋ ಹಂಚಿ ಫೋಟೊ ತೆಗೆಸುತ್ತಾರೆ, ಇಲ್ಲವೇ ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ನಾಲ್ಕೈದು ಪಂಚಾಯಿತಿಗಳ ಆ ಶೇ 5ನ್ನು ಒಟ್ಟುಗೂಡಿಸಿದರೆ, ಆರೋಗ್ಯ ಇಲಾಖೆಯೂ ಕೈ ಸೇರಿಸಿದರೆ, ಒಬ್ಬ ಮನೆ ಆರೈಕೆ ನರ್ಸಿನ ಸಂಬಳ ಹೊಂದಿಸಬಹುದು.

ನರ್ಸಿಗೆ ಯಾವ ಮನೆ, ಯಾರ ಮನೆ ಎಂದು ದಾರಿ ತೋರಿಸಲು ಹೊಸಬರು ಬೇಕಿಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಾವು ವಿಆರ್‌ಡಬ್ಲ್ಯು ಎಂದು ಕರೆಯುವವರು, ಪಂಚಾಯಿತಿಗಳಲ್ಲಿ ಈಗಾಗಲೇ ಇದ್ದಾರೆ. ಅವರೂ ವಿಕಲಚೇತನರೇ, ಊರಿನ ಯಾವ ಮನೆಯ ಒಳಕೋಣೆಯಲ್ಲಿ ಯಾರು ಮಲಗಿದ್ದಾರೆಂಬುದು ಯಾವ ದತ್ತಾಂಶಕ್ಕಿಂತಲೂ ಚೆನ್ನಾಗಿ ಅವರಿಗೆ ಗೊತ್ತು. ಗೌರವಧನದ ಹೆಸರಿನಲ್ಲಿ ಅವರನ್ನು ವರ್ಷಾನುಗಟ್ಟಲೆ ಅರೆಬರೆ ನೌಕರರನ್ನಾಗಿಯೇ ಉಳಿಸಿ, ಸಮೀಕ್ಷೆಗಳಿಗೆ ಮತ್ತು ಅರ್ಜಿ ಹೊರುವುದಕ್ಕೆ ಮಾತ್ರ ಬಳಸಿಕೊಳ್ಳುತ್ತಿದ್ದೇವೆ. 2011ರ ಜನಗಣತಿಯ ಪ್ರಕಾರವೇ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಆಗಿನ ಕಾನೂನಿಗಿಂತ ಹೆಚ್ಚು, ಅಂದರೆ 21 ಬಗೆಯ ವೈಕಲ್ಯಗಳನ್ನು ಈಗಿನ ಕಾನೂನು ಗುರುತಿಸುತ್ತದೆ. ಕೆಲಸ ಹೆಚ್ಚಿದೆ, ಮಾಡುವವರೂ ಇದ್ದಾರೆ. ಅವರ ಕೈಗೆ ಅಧಿಕಾರ ಮತ್ತು ತರಬೇತಿ ಕೊಡುವುದು ಬಾಕಿಯಿದೆ.

ನಗರದ ಹಿರಿಯರ ಸಮಸ್ಯೆ ಬೇರೆ ಬಗೆಯದು. ಬೆಂಗಳೂರು, ಮೈಸೂರುಗಳಲ್ಲಿ ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇದ್ದು, ಹಣವಿದ್ದೂ ಮನೆಗೆ ಬರುವ ಆರೈಕೆದಾರರನ್ನು ನಂಬುವುದು ಹೇಗೆಂದು ತಿಳಿಯದವರು ಬಹಳ. ಅವರಿಗೆ ಸರ್ಕಾರದಿಂದ ಬೇಕಾದದ್ದು ಪಿಂಚಣಿಯಲ್ಲ. ಮನೆ ಆರೈಕೆಯ ಏಜೆನ್ಸಿಗಳಿಗೆ ನೋಂದಣಿ, ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ತರಬೇತಿ ಮತ್ತು ನ್ಯಾಯವಾದ ಕೂಲಿ. ಇದನ್ನು ಇಲ್ಲಿಗೇ ಬಿಡುತ್ತೇನೆ, ಅವರ ಪರವಾಗಿ ಬರೆಯಬಲ್ಲವರು ಬೇರೆ ಇದ್ದಾರೆ.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಬಗ್ಗೆಯೂ ಒಂದು ಮಾತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ, ರದ್ದು ಮಾಡಿಸಬಹುದು. ಪ್ರತಿ ಜಿಲ್ಲೆಗೆ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಒಂದು ವೃದ್ಧಾಶ್ರಮ ಎಂಬುದನ್ನೂ ಅದು ಸರ್ಕಾರದ ವಿವೇಚನೆಗೆ ಬಿಟ್ಟು ಹೇಳಿದೆ. ಒಳ್ಳೆಯ ಕಾನೂನು. ಆದರೆ ಉಪವಿಭಾಗ ಕೇಂದ್ರಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕು, ಯಾರ ಮೇಲೆ ದೂರು ಕೊಡಬೇಕೋ ಆ ಮಗನ ಬೈಕಿನ ಮೇಲೇ ಕುಳಿತು ಹೋಗಬೇಕಾದವರೂ ಇದ್ದಾರೆ. ಹಿರಿಯರ ಸಹಾಯವಾಣಿ 14567ಕ್ಕೆ ಬರುವ ಇಂಥ ದೂರನ್ನೇ ಅರ್ಜಿಯೆಂದು ಪರಿಗಣಿಸಿ, ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರದಲ್ಲೇ ವಿಚಾರಣೆ ನಡೆಸಲು ಉಪವಿಭಾಗಾಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಎಲ್ಲವೂ ಒಂದೇ ಬಾರಿಗೆ ಆಗಲಿ ಎಂದು ಕೇಳುವ ವಯಸ್ಸು ನನ್ನದಲ್ಲ. ಮೊತ್ತ ಏರಿಸುವುದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಮುಂದಿನ ಬಜೆಟ್ಟಿಗೆ ಕಾಯಬೇಕು. ಕನಿಷ್ಠಪಕ್ಷ ಆ ಬಜೆಟ್ಟಿನಲ್ಲಾದರೂ ವಿಕಲಚೇತನರ ಮಾಸಾಶನವನ್ನು ಶೇ 25ರ ನಿಯಮಕ್ಕೆ ತಕ್ಕಂತೆ ಸರಿಪಡಿಸಲು ಈಗಲೇ ಪ್ರಸ್ತಾವ ಕಳುಹಿಸಿ. ಆರೈಕೆದಾರರ ಭತ್ಯೆಯನ್ನು ಕಾಯಿಲೆಯ ಪಟ್ಟಿಯಿಂದ ಬಿಡಿಸಿ ಅಗತ್ಯದ ಅಳತೆಗೆ ತರಲು, ಮನೆ ಆರೈಕೆಯನ್ನು ಒಂದೆರಡು ತಾಲ್ಲೂಕುಗಳಲ್ಲಿ ಪ್ರಯೋಗಿಸಿ ನೋಡಲು ಸ್ವಲ್ಪ ಕಾಲ ಹಿಡಿಯುತ್ತದೆ, ಹಿಡಿಯಲಿ. ಮನೆಗೆ ಹೋಗಿ ನೋಡದೆ, ಕಾರಣವನ್ನು ಲಿಖಿತವಾಗಿ ತಿಳಿಸದೆ ಯಾರ ಪಿಂಚಣಿಯನ್ನೂ ತಡೆಹಿಡಿಯಬಾರದು ಎಂಬ ಸುತ್ತೋಲೆಗೆ ಮಾತ್ರ ಕಾಯಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಅದಕ್ಕೆ ಬೇಕಾದದ್ದು ತಮ್ಮ ಸಹಿ. ಅದು ಹೊರಟ ದಿನ ಅದರ ಪ್ರತಿಯನ್ನು ಪ್ರತಿ ನಾಡಕಚೇರಿಯ ಗೋಡೆಯ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಂಟಿಸಲು ತಹಶೀಲ್ದಾರರಿಗೆ ತಿಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ತುಮಕೂರು ಜಿಲ್ಲೆ